ಅಚ್ಚಿಗೆ ಸಿಗದ ಓಬವ್ವ

ದಾವಣಗೆರೆಯ ಎಂ.ಎ. ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ಜನಪದ ಕಥೆ, ಸಿನಿಮಾಗಳಲ್ಲಿ ಬರುವ ಪುರಾಣದ ಮೂಲಮಾದರಿಗಳ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ. ಒನಕೆ ಓಬವ್ವ, ಕೆರೆಗೆ ಹಾರವಾದ ಭಾಗೀರಥಿ, ಸೂಳೆಕೆರೆಯ ಶಾಂತವ್ವ ಇವರನ್ನು ಜೋಸೆಫ್ ಕ್ಯಾಂಪ್‌ಬೆಲ್ ಹೇಳುವ 'ನಾಯಕನ ಪಯಣ'ಕ್ಕೆ ಹೋಲಿಸಿ ನೋಡಿದೆ. ಮೂವರೂ ಹೊಂದುತ್ತಾರೆ. ಇಷ್ಟು ಸಾಕೇ? ಮುಂದೆ ಏನು ಮಾಡಲಿ?"

ಸಂಪಾದಕರ ಉತ್ತರ:

ತಂಗಿ, ಸಿಟ್ಟಾಗಬೇಡಿ. 'ಮೂವರೂ ಹೊಂದುತ್ತಾರೆ' ಅನ್ನೋ ಮಾತು ಓದಿದಾಗಲೇ ನನಗೆ ಅನುಮಾನ ಬಂತು. ಚಕ್ಕುಲಿ ಒರಳಿಗೆ ಅಕ್ಕಿ ಹಿಟ್ಟು ಹಾಕಿ, ಕಡಲೆ ಹಿಟ್ಟು ಹಾಕಿ, ಒತ್ತಿದರೆ ಬರೋದು ಅದೇ ಆಕಾರ. ಹಿಟ್ಟು ಯಾವುದು ಅಂತ ತಿಳಿಯಲು ಬಾಯಿಗೆ ಹಾಕಿಕೊಳ್ಳಬೇಕು.

ಎಲ್ಲ ವೀರರ ಕಥೆಗೂ ದಾರಿ ಒಂದೇ ಅನ್ನೋ ಮಾತನ್ನು ಅಮೆರಿಕದ ಪುರಾಣ ವಿದ್ವಾಂಸ ಕ್ಯಾಂಪ್‌ಬೆಲ್ ಮಂಡಿಸಿದ್ದು 1949ರಲ್ಲಿ. ಅದಕ್ಕೂ ಮೊದಲು, 1936ರಲ್ಲಿ, ಇಂಗ್ಲೆಂಡಿನ ಲಾರ್ಡ್ ರಾಗ್ಲನ್ ವೀರರ ಕಥೆಗಳಲ್ಲಿ ಮತ್ತೆ ಮತ್ತೆ ಬರುವ 22 ಅಂಶಗಳ ಪಟ್ಟಿ ಮಾಡಿದ್ದರು. ತಾಯಿ ರಾಜವಂಶದವಳು, ಹುಟ್ಟಿದ ಕೂಡಲೇ ಮಗುವನ್ನು ಕೊಲ್ಲುವ ಯತ್ನ, ದೂರದಲ್ಲಿ ಸಾಕುವವರು, ಹೀಗೆ. ನಮ್ಮ ಕೃಷ್ಣ ತಕ್ಷಣ ನೆನಪಾಗುತ್ತಾನೆ, ಅಲ್ವಾ? ಹೊಂದುವ ಒಂದೊಂದು ಅಂಶಕ್ಕೆ ಒಂದೊಂದು ಅಂಕ; ಜಾಸ್ತಿ ಅಂಕ ಬಂದವನು ಚರಿತ್ರೆಯಲ್ಲಿ ಬದುಕಿದ್ದವನಲ್ಲ ಅನ್ನೋದು ರಾಗ್ಲನ್ ವಾದ. 1965ರಲ್ಲಿ ಫ್ರಾನ್ಸಿಸ್ ಲೀ ಅಟ್ಲಿ ಅನ್ನುವ ಅಮೆರಿಕದ ವಿದ್ವಾಂಸರು ಅದೇ ಪಟ್ಟಿಗೆ ಅಬ್ರಹಾಂ ಲಿಂಕನ್‌ರನ್ನು ಕೂರಿಸಿ, ಕೈತುಂಬ ಅಂಕ ಕೊಟ್ಟು ನಗಿಸಿದರು.

ಈಗ ಓಬವ್ವನನ್ನು ನೋಡಿ. ಕ್ಯಾಂಪ್‌ಬೆಲ್‌ನ ನಾಯಕ ಮನೆ ಬಿಟ್ಟು ಹೋಗಬೇಕು, ಗೆದ್ದು ತಿರುಗಿ ಬರಬೇಕು. ಓಬವ್ವ ಎಲ್ಲಿಗೂ ಹೋಗಲಿಲ್ಲ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ, ಇವಳು ನೀರು ತರಲು ಹೋಗಿದ್ದಾಳೆ, ಕಿಂಡಿಯ ಆಚೆ ಹೈದರಾಲಿಯ ಸೈನಿಕರ ಪಿಸುಮಾತು ಕೇಳಿದೆ. ಮನೆಗೆ ಓಡಿ ಬಂದರೂ ಗಂಡನನ್ನು ಊಟದಿಂದ ಎಬ್ಬಿಸಲಿಲ್ಲ. ಕೈಗೆ ಸಿಕ್ಕಿದ್ದು ಒನಕೆ. ನನಗೆ ಈ ಕಥೆಯ ಜೀವ ಇರೋದು ಆ ಎಬ್ಬಿಸದೇ ಇದ್ದದ್ದರಲ್ಲಿ. ಅದು ನಿಮ್ಮ ಯಾವ ಪಟ್ಟಿಗೂ ಸೇರಲ್ಲ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾದರು. ಇವತ್ತು ಶಾಲೆಯ ಛದ್ಮವೇಷದಲ್ಲಿ ಪುಟ್ಟ ಓಬವ್ವ ಒನಕೆ ಎತ್ತಿ ನಿಂತರೆ ನನಗೆ ಮಹಿಷಮರ್ದಿನಿಯೇ ಕಾಣುತ್ತಾಳೆ. ನೀರಿನ ಕೊಡ ಎಲ್ಲಿ ಹೋಯಿತು? ದೇವಿ ಯಾವಾಗ ಬಂದಳು? ನಿಮ್ಮ ಸಂಶೋಧನೆಯ ಒಂದು ಅಧ್ಯಾಯ ಇಲ್ಲೇ ಇದೆ.

ಓಬವ್ವನ ಅದೇ ಚಿತ್ರದುರ್ಗದ ಬೆಟ್ಟದಲ್ಲಿ ಹಿಡಿಂಬೇಶ್ವರನ ಗುಡಿ ಇದೆ. ಭೀಮನ ಕೈಯಲ್ಲಿ ಸತ್ತ ರಾಕ್ಷಸನ ಹೆಸರಿನಲ್ಲಿ ಈಶ್ವರ! ಹಿಡಿಂಬನ ಹಲ್ಲು ಅಂತ ಒಂದನ್ನು ಅಲ್ಲಿ ತೋರಿಸುತ್ತಾರೆ. ಖಳನಾಯಕನ ಅಚ್ಚು ಇಲ್ಲಿ ಏನು ಮಾಡೀತು?

ಭಾಗೀರಥಿಯ ವಿಷಯ ಇನ್ನೂ ದೊಡ್ಡದು. ಕಟ್ಟಡ ನಿಲ್ಲಲು ಹೆಣ್ಣನ್ನು ಬಲಿ ಕೊಡುವ ಕಥೆ ಗ್ರೀಸಿನ ಆರ್ಟಾ ಸೇತುವೆಗೂ ಇದೆ, ಅಲ್ಬೇನಿಯಾದ ರೋಜಾಫಾ ಕೋಟೆಗೂ ಇದೆ. ಈ ಬಗೆಯ ಕಥೆಗಳ ಮೇಲಿನ ಲೇಖನಗಳನ್ನು ಅಮೆರಿಕದ ಜಾನಪದ ವಿದ್ವಾಂಸ ಆಲನ್ ಡಂಡಿಸ್ 1996ರಲ್ಲಿ ಒಂದೇ ಸಂಪುಟವಾಗಿ ತಂದರು. ಮೊದಲು ಅದನ್ನು ಹುಡುಕಿ ಓದಿ. ರೋಜಾಫಾ ಕಥೆಯಲ್ಲಿ ಕಿರಿಯ ಸೊಸೆ ಏನೂ ತಿಳಿಯದೆ, ಕೋಟೆ ಕಟ್ಟುತ್ತಿರುವ ಗಂಡನಿಗೂ ಅವನ ಅಣ್ಣಂದಿರಿಗೂ ಬುತ್ತಿ ತರುತ್ತಾಳೆ. ಗೋಡೆಯೊಳಗೆ ಮುಚ್ಚುವಾಗ, ಕೂಸಿಗೆ ಹಾಲೂಡಿಸಲು ಒಂದು ಮೊಲೆಗೆ ಜಾಗ ಬಿಡಿ ಅಂತ ಕೇಳುತ್ತಾಳೆ. ನಮ್ಮ ಭಾಗೀರಥಿಯೂ ಕಿರಿಸೊಸೆಯೇ. ಆದರೆ ಅವಳಿಗೆ ಗೊತ್ತು. ತವರಿಗೆ ಹೋಗುತ್ತಾಳೆ, ಅಪ್ಪ ಕೇಳಿದರೂ ನಿಜ ಹೇಳಲ್ಲ. ಗೆಳತಿಗೆ ಮಾತ್ರ ಹೇಳುತ್ತಾಳೆ. ಆಮೇಲೆ ಕೆರೆಯ ಪೂಜೆ. ಮರೆತ ಬಂಗಾರದ ಬಟ್ಟಲು ತರಲು ಇಳಿದವಳು ಮೇಲೆ ಬರುವಷ್ಟರಲ್ಲಿ ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಮಾದರಿ ಒಂದೇ ಅಂತ ಬರೆಯಲು ಒಂದು ಸಾಲು ಸಾಕು. ಅಪ್ಪನಿಗೆ ಮುಚ್ಚಿಟ್ಟದ್ದನ್ನು ಗೆಳತಿಗೆ ಯಾಕೆ ಹೇಳಿದಳು ಅನ್ನೋದಕ್ಕೆ ಎಷ್ಟು ಪುಟ ಬೇಕೋ ನೋಡಿ.

ಇನ್ನು ಕೆಲಸದ ಮಾತು. ಊರಿಗೆ ಹೋದಾಗ 'ಅಜ್ಜಿ, ಓಬವ್ವ ದೇವಿಯ ಅವತಾರ ಅಲ್ವಾ?' ಅಂತ ಕೇಳಬೇಡಿ. ಪಾಪ, ಓದಿದ ಹುಡುಗಿ ಹೇಳ್ತಿದ್ದಾಳೆ ಅಂತ ಅಜ್ಜಿ 'ಹೂಂ' ಅಂದುಬಿಡುತ್ತಾಳೆ. ಸುಮ್ನೆ ಕೂತು ಕೇಳಿ. ಯಾರು ಹೇಳಿದರು, ಯಾವಾಗ, ಕಳೆ ಕೀಳುವಾಗಲೋ ಹಬ್ಬದಲ್ಲೋ, ಎದುರು ಯಾರಿದ್ದರು, ಎಲ್ಲ ಬರೆದುಕೊಳ್ಳಿ. ಅದೇ ಕಥೆಯನ್ನು ಇನ್ನೂ ನಾಲ್ಕು ಜನರಿಂದ ಕೇಳಿ. ಸಿನಿಮಾ ನೋಡಿದ್ದಾರಾ ಅನ್ನೋದನ್ನು ಕೊನೆಗೆ ಕೇಳಿ, ಮೊದಲಿಗಲ್ಲ.

ಶಾಂತವ್ವನ ಬಗ್ಗೆ ನಾನು ಏನೂ ಹೇಳಲ್ಲ, ಅದು ನಿಮ್ಮ ಮನೆ ಹತ್ತಿರದ ಕಥೆ. ಚನ್ನಗಿರಿ ತಾಲೂಕಿಗೆ ಒಂದು ಬಸ್ಸು ಹತ್ತಿದರಾಯಿತು. ಕಟ್ಟಿಸಿದವಳು ಶಾಂತವ್ವ, ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿದರು ಅಂತ ಒಂದು ಐತಿಹ್ಯ. ಈಗ ಬೋರ್ಡಿನಲ್ಲಿ ಶಾಂತಿಸಾಗರ. ಏರಿಯ ಮೇಲೆ ಸಿಕ್ಕ ಹಿರಿಯರು ಯಾವ ಹೆಸರು ಹೇಳುತ್ತಾರೆ, ಹೇಳುವಾಗ ದನಿ ತಗ್ಗಿಸುತ್ತಾರಾ, ನೋಡಿ ಬನ್ನಿ. ಬರೆದುಕೊಂಡದ್ದನ್ನು ತಿದ್ದದೆ ನಮಗೆ ಕಳಿಸಿ. ಎರಡು ಪುಟ ಖಾಲಿ ಇಟ್ಟಿರುತ್ತೇವೆ.