ಪಾಸ್‌ವರ್ಡ್ ಬದಲಾಯಿಸಿದ್ಮೇಲೂ ಸ್ಟೀಮ್ ಅನ್ನೋ ಗೇಮ್ ಸ್ಟೋರ್ ಅಕೌಂಟಿಂದ ಸ್ಕಿನ್ (ಗೇಮೊಳಗಿನ ಗನ್ ಡಿಸೈನ್ ಥರದ ಐಟಂ) ಹೆಂಗೆ ಹೋಯ್ತು?

"ನಮ್ ಟೀಮ್‌ಗೆ ಒಂದ್ ವೋಟ್ ಹಾಕು ಮಗಾ" ಅಂತ ಫ್ರೆಂಡ್ ಐಡಿಯಿಂದ ಬಂದ ಲಿಂಕಲ್ಲಿ ಲಾಗಿನ್ ಆದೆ ಅಂದ್ರಲ್ಲ, ಎಡವಟ್ಟಾಗಿರೋದು ಅಲ್ಲೇ, ಅದು ಪಾಸ್‌ವರ್ಡ್ ಕದಿಯೋ ನಕಲಿ ಪೇಜ್. ಆ ಫ್ರೆಂಡ್ ಅಕೌಂಟೂ ಆಗ್ಲೇ ಕಳ್ಳರ ಕೈಲಿತ್ತು ಅನ್ಸುತ್ತೆ.

ಒಂದ್ಸಲ ಒಳಗೆ ಬಂದೋರು ನಿಮ್ಮ ಹೆಸರಲ್ಲಿ ಎಪಿಐ ಕೀ (ಬೇರೆ ಪ್ರೋಗ್ರಾಂ ನಿಮ್ಮ ಅಕೌಂಟಲ್ಲಿ ಕೆಲ್ಸ ಮಾಡೋಕೆ ಬಿಡೋ ಗುಪ್ತ ಕೋಡ್) ಮಾಡಿಟ್ಕೊಂಡಿರಬಹುದು, ನೀವು ಪಾಸ್‌ವರ್ಡ್ ಬದಲಾಯಿಸಿದ್ರೂ ಆ ಕೀ ಹಂಗೇ ಇರುತ್ತೆ, ಆಮೇಲೆ ನೀವು ಯಾರಿಗಾದ್ರೂ ಟ್ರೇಡ್ (ಐಟಂ ಕೊಟ್ಟು ತಗೊಳ್ಳೋ ಆಫರ್) ಕಳಿಸಿದ ತಕ್ಷಣ ಆ ಕಳ್ಳರ ಬಾಟ್, ಅಂದ್ರೆ ತಾನೇ ಓಡೋ ಪ್ರೋಗ್ರಾಂ, ಅದನ್ನ ಕ್ಯಾನ್ಸಲ್ ಮಾಡಿ ಅದೇ ಹೆಸರು ಅದೇ ಫೋಟೋ ಇರೋ ನಕಲಿ ಅಕೌಂಟಿಂದ ಇನ್ನೊಂದು ಟ್ರೇಡ್ ಹುಟ್ಟಿಸುತ್ತೆ, ನೀವು ಮೊಬೈಲಲ್ಲಿ ನೋಡದೆ ಕನ್ಫರ್ಮ್ ಒತ್ತಿಬಿಡ್ತೀರಾ. ಅಂದ್ರೆ ಸ್ಕಿನ್ ಕೊಟ್ಟಿದ್ದು ನೀವೇ!

ಈಗ್ಲೇ ಸ್ಟೀಮ್‌ನ ವೆಬ್ ಎಪಿಐ ಕೀ ಪೇಜ್ ತೆಗೆದು ನೀವು ಮಾಡದೇ ಇರೋ ಕೀ ಇದ್ರೆ ರದ್ದು ಮಾಡಿ, ಎಲ್ಲಾ ಡಿವೈಸಿಂದ ಲಾಗೌಟ್ ಆಗಿ, ಪಾಸ್‌ವರ್ಡ್ ಮತ್ತೊಂದ್ಸಲ ಬದಲಾಯಿಸಿ. ಇನ್ಮುಂದೆ ಕನ್ಫರ್ಮ್ ಮಾಡೋವಾಗ ಎದುರಿಗಿರೋರ ಲೆವೆಲ್, ಸೇರಿದ ದಿನಾಂಕ ನೋಡಿ. ಕಂಪ್ಯೂಟರಲ್ಲಿ ಲಾಗಿನ್ ಪಾಪಪ್ ಬಂದ್ರೆ ಅದನ್ನ ಬ್ರೌಸರ್ ಕಿಟಕಿಯಿಂದ ಆಚೆಗೆ ಎಳೆದು ನೋಡಿ, ಆಚೆ ಬರದೆ ಅಂಚಲ್ಲೇ ಸಿಕ್ಕಾಕೊಂಡ್ರೆ ಅದು ಪೇಜಲ್ಲೇ ಬಿಡಿಸಿರೋ ಡೂಪ್ಲಿಕೇಟ್.

ಇನ್ನು 2025ರ ಮೇ ತಿಂಗಳ "8.9 ಕೋಟಿ ಸ್ಟೀಮ್ ಅಕೌಂಟ್ ಲೀಕ್" ಸುದ್ದಿಗೂ ಇದಕ್ಕೂ ಸಂಬಂಧ ಇಲ್ಲ. ತಮ್ಮ ಸಿಸ್ಟಮ್ ಹ್ಯಾಕ್ ಆಗಿಲ್ಲ, ಹೊರಬಿದ್ದಿದ್ದು ಹಳೇ ಎಸ್ಸೆಮ್ಮೆಸ್‌ಗಳು, ಅದ್ರಲ್ಲಿದ್ದ ಒಟಿಪಿ ಕೋಡ್ ನಡೆಯೋದೇ 15 ನಿಮಿಷ ಅಂತ ಸ್ಟೀಮ್ ನಡೆಸೋ ಕಂಪನಿ ವಾಲ್ವ್ ಹೇಳಿತ್ತು. ನನ್ ಪ್ರಕಾರ ಆ ಹೆಡ್‌ಲೈನ್‌ಗಳು ಬರೀ ಗಾಬರಿ ಹುಟ್ಟಿಸಿದ್ವು ಅಷ್ಟೇ, ಈ ವೋಟ್ ಲಿಂಕ್ ಬಗ್ಗೆ ಅದರ ಕಾಲು ಭಾಗ ಬರೆದಿದ್ರೂ ಸಾಕಿತ್ತು.