ಲೇಖನ ವಾಪಸ್ ಕಳಿಸ್ತಿದ್ದೀನಿ, ಬೇಜಾರ್ ಮಾಡ್ಕೋಬೇಡಿ

ನಮಸ್ಕಾರ. ಚಾರ್ಲ್ಸ್ ಮಿಚಿ ಸ್ಮಿತ್ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ. ಹಾಗಂತ ವಿಷಯ ಕೈಬಿಡಬೇಡಿ. ಕೊಡೈಕೆನಾಲ್‌ಗೆ ಹೋಗಿ ಬೋಟಿಂಗ್ ಮಾಡಿ ಚಾಕೊಲೇಟ್ ತಗೊಂಡು ಬರೋ ನಮ್ಮ ಜನಕ್ಕೆ, ಅಲ್ಲಿ ನೂರು ವರ್ಷ ದಾಟಿದ ಸೂರ್ಯನ ಅಬ್ಸರ್ವೇಟರಿ ಇದೆ, ಅದನ್ನ ಎಬ್ಬಿಸಿದ್ದು ಮದ್ರಾಸಲ್ಲಿ ಫಿಸಿಕ್ಸ್ ಪಾಠ ಮಾಡ್ತಿದ್ದ ಒಬ್ಬ ಸ್ಕಾಟಿಷ್ ಮೇಷ್ಟ್ರು ಅನ್ನೋದು ಎಲ್ಲಿ ಗೊತ್ತಿರುತ್ತೆ ಹೇಳಿ.

ಮೊದಲ ಪೇಜು ಹೊಡೆದುಹಾಕಿ. ‘ಅನಾದಿ ಕಾಲದಿಂದಲೂ ಮಾನವನು ಸೂರ್ಯನನ್ನು’ ಅಂತ ಶುರುವಾಗಿ ಈಜಿಪ್ಟು, ಕೋನಾರ್ಕ ಎಲ್ಲಾ ಸುತ್ತಿ ಮಿಚಿ ಸ್ಮಿತ್ ಹುಟ್ಟೋ ಹೊತ್ತಿಗೆ ಓದುಗ ಎದ್ದು ಹೋಗಿರ್ತಾನೆ. ಅಣ್ಣ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಬೈಬಲ್ ಬಗ್ಗೆ ಬರೆದದ್ದಕ್ಕೆ ಚರ್ಚಿನವರು 1881ರಲ್ಲಿ ಪ್ರೊಫೆಸರ್ ಕೆಲಸ ಕಿತ್ಕೊಂಡ್ರು, ಒಳ್ಳೇ ಕಥೆನೇ, ಆದ್ರೆ ಅದು ಅಣ್ಣನ ಕಥೆ. ಒಂದು ಸಾಲು ಸಾಕು, ನೀವು ಮೂರು ಪ್ಯಾರಾ ಬರೆದಿದ್ದೀರಿ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬಂದ ಜಾಗ. ಸೌರಕಲೆಗಳ, ಅಂದ್ರೆ ಸೂರ್ಯನ ಮೇಲೆ ಕಾಣೋ ಕಪ್ಪು ಮಚ್ಚೆಗಳ, ಅಂಚಲ್ಲಿ ಅನಿಲ ಹೊರಗಡೆಗೆ ಹರಿಯೋದನ್ನ ನಿಮ್ಮ ನಾಯಕನೇ ಕಂಡುಹಿಡಿದ ಅಂತ ಬರೆದಿದ್ದೀರಿ. ಇಲ್ಲ ಸ್ವಾಮಿ. ಅದು ಜಾನ್ ಎವರ್‌ಶೆಡ್, ಇಂಗ್ಲಿಷಿನವನು, ಮಿಚಿ ಸ್ಮಿತ್ ಕೈಕೆಳಗೆ ಕೆಲಸ ಮಾಡೋಕೆ 1907ರಲ್ಲಿ ಬಂದವನು, 1909ರ ಜನವರಿಯಲ್ಲಿ ಕೊಡೈನಲ್ಲಿ ಅದನ್ನ ಹಿಡಿದ, ಇವತ್ತಿಗೂ ಅದು ಅವನ ಹೆಸರಲ್ಲೇ ಇದೆ. ಮಿಚಿ ಸ್ಮಿತ್ ಹೆಸರಲ್ಲಿ ಅಂಥದ್ದೇನೂ ಇಲ್ಲ, ಅದು ನಿಮಗೆ ಸಪ್ಪೆ ಅನ್ನಿಸಿ ಇನ್ನೊಬ್ಬರ ಪದಕ ತಂದು ಇವರ ಕೋಟಿಗೆ ಚುಚ್ಚಿದ್ದೀರಿ. ನನ್ನ ಕೇಳಿದ್ರೆ ಕಥೆ ಇರೋದೇ ಅಲ್ಲಿ. ಜಾಗ ಹುಡುಕಿದ್ದು, ಸರ್ಕಾರದ ಬೆನ್ನು ಬಿದ್ದಿದ್ದು, ಉಪಕರಣ ಮೇಲೆ ತರಿಸಿದ್ದು ಒಬ್ಬ, ಹೆಸರು ಬಂದಿದ್ದು ಇನ್ನೊಬ್ಬನಿಗೆ.

ಆ ಭಾಗಕ್ಕೆ ನೀವು ಕೊಟ್ಟಿರೋದು ‘ನಂತರ ಅವರು ವೀಕ್ಷಣಾಲಯವನ್ನು ಸ್ಥಾಪಿಸಿದರು’ ಅನ್ನೋ ನಾಲ್ಕು ಪದ! 1891ರಲ್ಲಿ ಮದ್ರಾಸ್ ಅಬ್ಸರ್ವೇಟರಿ ನೋಡ್ಕೊಳ್ತಿದ್ದ ಪಾಗ್ಸನ್ ತೀರ್ಕೊಂಡ ಮೇಲೆ ಮಿಚಿ ಸ್ಮಿತ್ ಮದ್ರಾಸ್ ಸರ್ಕಾರದ ಖಗೋಳಶಾಸ್ತ್ರಜ್ಞ ಆಗ್ತಾರೆ, ನೀಲಗಿರಿ ನೋಡ್ತಾರೆ, ಕೊಡೈ ಇರೋ ಪಳನಿ ಬೆಟ್ಟ ನೋಡ್ತಾರೆ, ಎಲ್ಲಿ ಆಕಾಶ ಹೆಚ್ಚು ಹೊತ್ತು ತಿಳಿಯಾಗಿರುತ್ತೆ ಅಂತ ಲೆಕ್ಕ ಹಾಕ್ತಾರೆ. 1895ರಲ್ಲಿ ಅಡಿಗಲ್ಲು, 1899ರಲ್ಲಿ ಮದ್ರಾಸಿಂದ ಶಿಫ್ಟು. ಕೊಡೈಗೆ ಆಗ ಮೋಟಾರ್ ರಸ್ತೆನೇ ಇಲ್ಲ! ಇದನ್ನ ಬಿಟ್ಟು ಅವರ ಬಾಯಲ್ಲಿ ‘ಓ ಸೂರ್ಯದೇವಾ’ ಅಂತ ಡೈಲಾಗ್ ಹೇಳಿಸಿದ್ದೀರಲ್ಲ, ಅದು ಸಿನಿಮಾದಲ್ಲೂ ನಡೆಯಲ್ಲ.

ಸರ್ಕಾರ ಇದಕ್ಕೆ ದುಡ್ಡು ಯಾಕೆ ಬಿಚ್ತು ಅನ್ನೋದೂ ಇಲ್ಲ. 1876–78ರ ಬರ ಇದೆಯಲ್ಲ, ನಮ್ಮ ಹಿರಿಯರು ಧಾತು ಈಶ್ವರದ ಬರ ಅಂತಿದ್ರಲ್ಲ, ಮೈಸೂರು ಸಂಸ್ಥಾನದಲ್ಲೇ ಲಕ್ಷಗಟ್ಟಲೆ ಜನ ಸತ್ತಿದ್ದು, ಅದೇ. ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ವೆ, ಮಳೆಗೂ ಅದಕ್ಕೂ ನಂಟಿದ್ರೆ ಮುಂದಿನ ಬರ ಮೊದಲೇ ಗೊತ್ತಾಗಬಹುದು ಅಂತ ಆಗ ಆಸೆ. ಕನ್ನಡ ಓದುಗನಿಗೆ ಇದು ದೂರದ ಸ್ಕಾಟ್ಲೆಂಡಿನ ಕಥೆ ಅಲ್ಲ ಅಂತ ಅನ್ನಿಸೋದು ಇಲ್ಲಿಂದಲೇ.

ಇನ್ನು ಓಪನಿಂಗ್ ಯಾವುದು ಅಂತ ನನ್ನ ಕೇಳಿದ್ರೆ ನಿಮ್ಮ ಏಳನೇ ಪೇಜಿನ ಬ್ರ್ಯಾಕೆಟ್ಟೊಳಗೆ ಹೂತು ಹಾಕಿರೋ ಒಂದು ಸಾಲು. 1883ರ ಸೆಪ್ಟೆಂಬರಲ್ಲಿ ಮದ್ರಾಸಲ್ಲಿ ಸೂರ್ಯ ಹಸಿರಾಗಿ ಕಾಣಿಸ್ದ! ಆಗಸ್ಟ್ ಕೊನೇಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶದ ತುಂಬ ಹರಡಿತ್ತು. ಊರವರು ಬಾಯಿ ಬಿಟ್ಕೊಂಡು ನೋಡ್ತಿರುವಾಗ ಈ ಕಾಲೇಜ್ ಮೇಷ್ಟ್ರು ಸ್ಪೆಕ್ಟ್ರೋಸ್ಕೋಪ್ ಹಿಡ್ಕೊಂಡು ಆ ಬೆಳಕನ್ನ ಸೀಳಿ ನೋಡಿ, ಎಡಿನ್‌ಬರೋ ರಾಯಲ್ ಸೊಸೈಟಿಗೆ ಪೇಪರ್ ಬರೆದ್ರು. ಅಲ್ಲಿಂದ ಶುರು ಮಾಡಿ, ಆಮೇಲೆ ಬರ, ಆಮೇಲೆ ಬೆಟ್ಟ.

1911ರಲ್ಲಿ ರಿಟೈರ್ ಆದ್ಮೇಲೂ ಊರಿಗೆ ವಾಪಸ್ ಹೋಗದೆ 1922ರಲ್ಲಿ ಕೊಡೈನಲ್ಲೇ ತೀರ್ಕೊಂಡ್ರು ಅಂತ ಬರೆದು ಅದರ ಮೇಲೆ ‘ಸೂರ್ಯ ಅಸ್ತಂಗತನಾದ’ ಅಂತ ಹಚ್ಚಿದ್ದೀರಿ, ಅದನ್ನ ಕಿತ್ತುಹಾಕಿ.

ಅರ್ಧಕ್ಕರ್ಧ ಇಳಿಸಿ ಕಳಿಸಿ, ಮುಂದಿನ ತಿಂಗಳಿಗೆ ಜಾಗ ಇಟ್ಟಿರ್ತೀನಿ. ಗೂಗಲ್‌ನಿಂದ ಎತ್ತಿದ ಫೋಟೋ ಬೇಡ. ಕೊಡೈ ಅಬ್ಸರ್ವೇಟರಿ ಈಗ ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆ ಕೈಲಿದೆ, ಸೂರ್ಯನ ಹಳೇ ಫೋಟೋ ಪ್ಲೇಟುಗಳನ್ನ ಡಿಜಿಟೈಸ್ ಮಾಡಿಟ್ಟಿದ್ದಾರೆ, ಒಂದು ಮೇಲ್ ಹಾಕಿ ಕೇಳಿ.