ಮಿಡ್‌ವೈಫ್ ಭೇಟಿಗೆ ಮೊದಲಿನ ನಾಲ್ಕು ವಾರ

(ಹುಬ್ಬಳ್ಳಿಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದ ಪತ್ರದ ಸಾರ: ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳು ಚೊಚ್ಚಲ ಬಸುರಿ, ಈಗ ಐದು ವಾರ. ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಹಚ್ಚಿದರೆ ಮೊದಲ ಭೇಟಿಗೆ ನಾಲ್ಕು ವಾರ ಬಿಟ್ಟು ದಿನ ಕೊಟ್ಟಿದ್ದಾರೆ, ಅದೂ ಡಾಕ್ಟರ ಬಳಿ ಅಲ್ಲ, ಮಿಡ್‌ವೈಫ್ ಬಳಿ. ‘ಗದಗಿನ್ಯಾಗ ನನ್ನ ತಂಗಿ ಸೊಸಿಗೆ ಆರು ವಾರಕ್ಕ ಸ್ಕ್ಯಾನಿಂಗ್ ಆತು, ಆಶಾ ಮನಿಗೇ ಬಂದು ಹೆಸರು ಬರಕೊಂಡು ಹೋದಳು. ಅಷ್ಟು ದೊಡ್ಡ ದೇಶದಾಗ ನನ್ನ ಮಗಳನ್ನ ಸೂಲಗಿತ್ತಿ ಕೈಯಾಗ ಕೊಟ್ಟು ಸುಮ್ಮನ ಕೂಡ್ರಿಸ್ಯಾರಲ್ಲ?’ ಎಂದು ಕೇಳಿದ್ದಾರೆ. ಅಂಟಿನುಂಡಿ ಮತ್ತು ಪರಿಚಯದ ಪಂಡಿತರು ಕೊಟ್ಟ ಕಷಾಯದ ಪುಡಿಯನ್ನು ಪಾರ್ಸಲ್ ಮಾಡಬಹುದೇ, ಹಾವೇರಿಯ ಬೀಗರಿಗೆ ಈಗಲೇ ತಿಳಿಸಬೇಕೇ ಎಂಬ ಪ್ರಶ್ನೆಗಳೂ ಇವೆ.)

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ; ಸಹಿಯ ಮೇಲೆ, ಜಾಗ ಸಾಲದೆ ಅಂಚಿಗೆ ಒತ್ತಿ ಬರೆದಿದ್ದೀರಿ. ‘ಈಕಿ ಹುಟ್ಟೂ ಹೊತ್ತಿನ್ಯಾಗ ನನಗ ಬಿಪಿ ಏರಿ, ಕಾಲು ಬಾತು, ಕಾಲುಂಗುರ ಕತ್ತರಿಸಿ ತಗದಿದ್ರು; ಎಂಟು ತಿಂಗಳಿಗೇ ಹೆರಿಗಿ ಆತು’ ಎಂಬುದು ಆ ಸಾಲು. ಅದಕ್ಕೆ ಕಡೆಗೆ ಬರುತ್ತೇನೆ. ಮೊದಲು ನಿಮ್ಮ ಸಿಟ್ಟಿನ ವಿಷಯ.

ಮಿಡ್‌ವೈಫ್ ಎಂಬುದನ್ನು ‘ಸೂಲಗಿತ್ತಿ’ ಎಂದು ಕನ್ನಡಿಸಿದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಅಜ್ಜಿಯ ಕಾಲದ ಹೆರಿಗೆ ಕೋಣೆ. ಸೂಲಗಿತ್ತಿಯರನ್ನು ಕಡಿಮೆ ಎಣಿಸುವ ಮಾತು ಇದಲ್ಲ. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನಿಮಗೂ ನೆನಪಿರಬಹುದು. ಆದರೆ ಇಂಗ್ಲೆಂಡಿನ ಮಿಡ್‌ವೈಫ್ ಎಂದರೆ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಓದಿ, ಸರಕಾರದ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಿಕೊಂಡವಳು. ಈ ನೋಂದಣಿಯ ಮೊದಲ ಕಾಯ್ದೆ ಅಲ್ಲಿ ಬಂದದ್ದೇ 1902ರಲ್ಲಿ. ತೊಡಕಿಲ್ಲದ ಬಸಿರನ್ನು ಆರಂಭದಿಂದ ಹೆರಿಗೆಯವರೆಗೆ ಅವಳೇ ನೋಡಿಕೊಳ್ಳುತ್ತಾಳೆ, ತೊಡಕು ಕಂಡರೆ ತಜ್ಞ ವೈದ್ಯರಿಗೆ ಒಪ್ಪಿಸುತ್ತಾಳೆ. ನಮ್ಮ ಉಪಕೇಂದ್ರದಲ್ಲಿ ಕೂಡುವ ಎಎನ್ಎಂ ಸಿಸ್ಟರ್ ಇದ್ದಾರಲ್ಲ, ಆ ಹೆಸರಿನ ಕೊನೆಯ ‘ಎಂ’ ಕೂಡ ಮಿಡ್‌ವೈಫ್ ಎಂಬುದರದೇ. ನಿಮ್ಮ ತಂಗಿಯ ಸೊಸೆಯ ತಾಯಿ ಕಾರ್ಡನ್ನು ಬರೆದುಕೊಟ್ಟವರೂ ಬಹುಶಃ ಅವರೇ.

ಇನ್ನು ನಾಲ್ಕು ವಾರದ ಲೆಕ್ಕ. ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದರಿಂದ, ಐದು ವಾರ ಎಂದಾಗ ಗರ್ಭ ಕಟ್ಟಿ ನಿಜವಾಗಿ ಮೂರೇ ವಾರ ಆಗಿರುತ್ತದೆ. ಅಲ್ಲಿನ ಪದ್ಧತಿಯಲ್ಲಿ ಮೊದಲ ಭೇಟಿ 10 ವಾರ ತುಂಬುವುದರೊಳಗೆ ಆಗಬೇಕು. ನಿಮ್ಮ ಮಗಳ ದಿನ ಒಂಬತ್ತನೆಯ ವಾರಕ್ಕೆ ಬೀಳುವುದರಿಂದ ಅದು ತಡವಲ್ಲ. ರಕ್ತದಲ್ಲಿ ಥಲಸ್ಸೀಮಿಯಾದಂತಹ ಆನುವಂಶಿಕ ದೋಷವಿದ್ದರೆ ಗಂಡನ ರಕ್ತವನ್ನೂ ಪರೀಕ್ಷಿಸಿ ಮುಂದಿನದನ್ನು ಯೋಚಿಸಲು ಸಮಯ ಸಿಗಬೇಕು, ಆ ಗಡುವಿಗೆ ಇದೂ ಒಂದು ಕಾರಣ. ಮೊದಲ ಸ್ಕ್ಯಾನಿಂಗ್ 11ರಿಂದ 14 ವಾರಗಳ ನಡುವೆ ಆಗುತ್ತದೆ, ಹೆರಿಗೆಯ ದಿನವನ್ನು ಗೊತ್ತುಮಾಡುವುದು ಆಗಲೇ. ನಮ್ಮಲ್ಲಿಯೂ ಸರಕಾರ ಹೇಳುವುದು 12 ವಾರದೊಳಗೆ ನೋಂದಣಿ ಆಗಬೇಕೆಂದೇ. ಕನಿಷ್ಠ ನಾಲ್ಕು ತಪಾಸಣೆ ನಮ್ಮ ನಿಯಮವಾದರೆ, ಅಲ್ಲಿ ಚೊಚ್ಚಲ ಬಸುರಿಗೆ ಸುಮಾರು ಹತ್ತು ಭೇಟಿಗಳಿರುತ್ತವೆ. ಆಶಾ ಕಾರ್ಯಕರ್ತೆ ಮನೆಯ ಬಾಗಿಲಿಗೆ ಬರುವುದು ನಮ್ಮ ವ್ಯವಸ್ಥೆಯ ದೊಡ್ಡ ಗುಣ, ಅದನ್ನು ಒಪ್ಪುತ್ತೇನೆ. ಹಾಗೆಂದು ಅಲ್ಲಿನವರು ನಿಮ್ಮ ಮಗಳನ್ನು ಕೈಬಿಟ್ಟಿದ್ದಾರೆ ಎಂದಾಗುವುದಿಲ್ಲ.

ಆರು ವಾರದ ಸ್ಕ್ಯಾನಿಂಗ್ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ನನ್ನ ಚೊಚ್ಚಲಿನಲ್ಲಿ ತಡೆಯಲಾರದೆ ಐದೂವರೆ ವಾರಕ್ಕೇ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. ಹೊಟ್ಟೆಯ ಮೇಲೆ ಯಂತ್ರ ಆಡಿಸಿದವರು, ‘ಚೀಲ ಅಷ್ಟ ಕಾಣತದ, ಜೀವ ಕಾಣವಲ್ದು, ಹತ್ತು ದಿವಸ ಬಿಟ್ಟು ಬರ್ರಿ’ ಎಂದು ಹೇಳಿ ಕೈ ಒರೆಸಿಕೊಂಡರು. ಅಷ್ಟು ಬೇಗ ನೋಡಿದರೆ ಚೀಲ ಮಾತ್ರ ಕಾಣುವುದು ಸಹಜ ಎಂಬ ಒಂದು ಮಾತನ್ನು ಅವರು ಸೇರಿಸಿದ್ದರೆ ಸಾಕಿತ್ತು. ಆ ಹತ್ತು ದಿನ ನಮ್ಮತ್ತೆ ನನ್ನ ಮುಖ ನೋಡದೆ ತಾಟಿಗೆ ರೊಟ್ಟಿ ಹಾಕುತ್ತಿದ್ದರು, ನಾನು ಅವರ ಮುಖ ನೋಡದೆ ತಿನ್ನುತ್ತಿದ್ದೆ. ಹನ್ನೊಂದನೆಯ ದಿನ ಎದೆಬಡಿತ ಕಂಡಿತು. ಬೇಗ ನೋಡಿದ್ದರಿಂದ ನನಗೆ ಸಿಕ್ಕದ್ದು ಆ ಹತ್ತು ದಿನಗಳ ಭಯ ಮಾತ್ರ. ಗೊತ್ತಾದ ಬಸಿರುಗಳಲ್ಲಿ ಸುಮಾರು ಎಂಟಕ್ಕೆ ಒಂದು ನಿಲ್ಲದೆ ಹೋಗುತ್ತದೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಬಸುರಿಯ ನಡೆನುಡಿಯಾಗಲಿ ಸ್ಕ್ಯಾನಿಂಗ್ ತಡವಾದದ್ದಾಗಲಿ ಸಾಮಾನ್ಯವಾಗಿ ಅದಕ್ಕೆ ಕಾರಣವಲ್ಲ. ಬೀಗರಿಗೆ ಯಾವಾಗ ತಿಳಿಸಬೇಕೆಂಬುದನ್ನು ಮಗಳು ಅಳಿಯನಿಗೇ ಬಿಡಿರಿ.

ಆದರೆ ಭೇಟಿಯ ದಿನದವರೆಗೆ ಕಾಯಬಾರದ ಕೆಲಸಗಳು ಕೆಲವು ಉಂಟು. ಮೊದಲನೆಯದು ಫೋಲಿಕ್ ಆಮ್ಲದ ಗುಳಿಗೆ. ಕೂಸಿನ ಬೆನ್ನುಹುರಿ ಮತ್ತು ಮಿದುಳು ರೂಪುಗೊಳ್ಳುವ ನಳಿಕೆ ನಮ್ಮ ಎಣಿಕೆಯ ಆರನೆಯ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಅಂದರೆ ಮಿಡ್‌ವೈಫ್ ಭೇಟಿಗೆ ಮೂರು ವಾರ ಮೊದಲೇ. ದಿನಕ್ಕೆ 400 ಮೈಕ್ರೋಗ್ರಾಂ ಗುಳಿಗೆಯನ್ನು 12 ವಾರದವರೆಗೆ ತೆಗೆದುಕೊಳ್ಳಬೇಕು. ಅಲ್ಲಿನ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಮಗಳು ಆರಂಭಿಸಿದ್ದಾಳೆಯೇ ಎಂದು ಇಂದೇ ಕೇಳಿರಿ, ಇಲ್ಲದಿದ್ದರೆ ಇಂದೇ ಆರಂಭಿಸಲಿ. ಸಕ್ಕರೆ ಕಾಯಿಲೆಯೋ ಮೂರ್ಛೆರೋಗವೋ ಇದ್ದವರಿಗೆ ಈ ಪ್ರಮಾಣ ಸಾಲದು. ಥೈರಾಯ್ಡ್ ಗುಳಿಗೆ ನುಂಗುವವರಿಗೂ ಆ ಥೈರಾಯ್ಡ್ ಗುಳಿಗೆಯ ಪ್ರಮಾಣ ಬದಲಿಸಬೇಕಾಗಬಹುದು. ಅಂಥವರು ಮಿಡ್‌ವೈಫ್ ಭೇಟಿಗೆ ಕಾಯದೆ ತಮ್ಮ ವೈದ್ಯರಿಗೆ ಕೂಡಲೇ ತಿಳಿಸಬೇಕು.

ಎರಡನೆಯದು ಅಪಾಯದ ಲಕ್ಷಣಗಳು. ರಕ್ತಸ್ರಾವ, ಕಿಬ್ಬೊಟ್ಟೆಯ ಒಂದೇ ಮಗ್ಗುಲಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಲೆ ತಿರುಗಿ ಬೀಳುವಂತಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಗರ್ಭವು ಗರ್ಭಕೋಶದ ಬದಲು ನಾಳದಲ್ಲಿ ಕಟ್ಟಿರಬಹುದೆಂಬ ಸಂಶಯದಿಂದ ಅದೇ ದಿನ ನೋಡಬೇಕಾಗುತ್ತದೆ. ಅದಕ್ಕೆಂದೇ ಅಲ್ಲಿನ ಆಸ್ಪತ್ರೆಗಳಲ್ಲಿ ಆರಂಭದ ಗರ್ಭಕ್ಕೆ ಪ್ರತ್ಯೇಕ ವಿಭಾಗವಿದೆ. 111ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ, ಕೈಮೀರಿದಾಗ 999, ಅದು ನಮ್ಮ 108 ಇದ್ದಂತೆ. ಒಂದಿಡೀ ದಿನ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೂ ಸುಮ್ಮನಿರಬಾರದು. ಸಾಧಾರಣ ಓಕರಿಕೆಗೆ ಮಾತ್ರ ನಿಮ್ಮ ಬಳಿಯೇ ಮದ್ದಿದೆ: ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಮೊದಲು ಒಂದು ತುಣುಕು ಒಣ ಬಿಸ್ಕೀಟು ತಿನ್ನಿ ಎಂದು ಅಲ್ಲಿನವರು ಹೇಳುತ್ತಾರೆ, ಆ ಕೆಲಸಕ್ಕೆ ನಮ್ಮ ಖಡಕ್ ರೊಟ್ಟಿಯ ಚೂರು ಏನೂ ಕಡಿಮೆಯಲ್ಲ. ಆದ್ದರಿಂದ ಪಾರ್ಸಲಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹೋಗಲಿ. ಅಂಟಿನುಂಡಿ ಬಾಣಂತಿಯ ತಿನಿಸು, ಅದಕ್ಕಿನ್ನೂ ಎಂಟು ತಿಂಗಳಿದೆ. ಕಷಾಯದ ಪುಡಿಯನ್ನು ಮಾತ್ರ ಕಳಿಸಬೇಡಿರಿ. ಒಳಗೆ ಏನೇನು ಎಷ್ಟೆಷ್ಟು ಬಿದ್ದಿದೆ ಎಂಬುದು ಪೊಟ್ಟಣದ ಮೇಲೆ ಬರೆದಿಲ್ಲದ ಔಷಧವನ್ನು, ಕೊಟ್ಟವರು ಎಷ್ಟೇ ನಂಬಿಕಸ್ಥರಾಗಿರಲಿ, ಮೊದಲ ಮೂರು ತಿಂಗಳ ಬಸುರಿಗೆ ಕೊಡುವುದು ಸರಿಯಲ್ಲ.

ಈಗ ಅಂಚಿನ ಸಾಲಿಗೆ ಬರೋಣ. ನಿಮಗೆ ಆಗಿದ್ದು, ವಿವರ ನೋಡಿದರೆ, ನಮ್ಮ ಕಡೆ ನಂಜು ಎಂದು ಕರೆಯುವ ತೊಂದರೆಯೇ ಇರಬೇಕು: ಬಿಪಿ ಏರುವುದು, ಮೂತ್ರದಲ್ಲಿ ಅಲ್ಬುಮಿನ್ ಹೋಗುವುದು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವುದು. ತಾಯಿಗೆ ನಂಜು ಆಗಿದ್ದರೆ ಮಗಳಿಗೂ ಅದರ ಸಂಭವ ಹೆಚ್ಚು. ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿಯಲ್ಲಿ ಇದನ್ನು ಒಂದು ಅಂಶವಾಗಿ, ಚೊಚ್ಚಲ ಬಸಿರನ್ನು ಇನ್ನೊಂದು ಅಂಶವಾಗಿ ಎಣಿಸುತ್ತಾರೆ. ಇಂಥ ಎರಡು ಅಂಶಗಳು ಕೂಡಿದವರಿಗೆ 12ನೆಯ ವಾರದಿಂದ ಹೆರಿಗೆಯವರೆಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡಲು ಸಲಹೆ ಮಾಡುತ್ತಾರೆ. ಕೊಡುವುದು ಬಿಡುವುದು ಅಲ್ಲಿನವರ ತೀರ್ಮಾನ, ನೀವು ಇಲ್ಲಿಂದ ಹೇಳಿ ನುಂಗಿಸಬಾರದು. ಆದರೆ ಈ ಸಂಗತಿ ಅವರಿಗೆ ತಿಳಿಯುವುದು ನಿಮ್ಮಿಂದಲೇ. ಮಗಳಿಗೆ ಇದನ್ನೆಲ್ಲ ಎಂದಾದರೂ ಕೂಡ್ರಿಸಿಕೊಂಡು ಹೇಳಿದ್ದೀರಾ? ಹೆರಿಗೆಯ ಕಷ್ಟವನ್ನು ಹೆಣ್ಣುಮಕ್ಕಳಿಗೆ ಹೇಳಿ ಹೆದರಿಸಬಾರದೆಂದು ನಮ್ಮ ತಾಯಂದಿರು ಬಾಯಿ ಕಟ್ಟಿಕೊಂಡೇ ಇದ್ದರು. ನನ್ನ ಅವ್ವನೂ ಹಾಗೆಯೇ.

ಆ ಮೊದಲ ಭೇಟಿ ಸುಮಾರು ಒಂದು ತಾಸಿನದು, ಅದರಲ್ಲಿ ಬಹುಪಾಲು ಪ್ರಶ್ನೆಗಳೇ. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬಿಪಿ, ಅವಳಿ ಮಕ್ಕಳು ಹುಟ್ಟಿದ್ದುಂಟೇ, ಹುಟ್ಟುವಾಗಲೇ ದೋಷವಿದ್ದ ಮಕ್ಕಳುಂಟೇ ಎಂದು ಕೇಳುತ್ತಾರೆ. ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದೂ ಕೇಳುತ್ತಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ನಮ್ಮ ಸೀಮೆಯವರು ಅದಕ್ಕೆ ಮುಜುಗರಪಡದೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ನಿಮ್ಮ ಮತ್ತು ನಿಮ್ಮ ಯಜಮಾನರ ಮನೆತನದ ಇಂಥ ಸಂಗತಿಗಳು ಮಗಳಿಗೆ ಅರ್ಧ ಗೊತ್ತಿರುತ್ತವೆ, ಅಳಿಯನಿಗೆ ಅವನ ಕಡೆಯವು ಕಾಲು ಭಾಗವೂ ಗೊತ್ತಿರಲಾರವು. ಬೀಗರಿಗೆ ತಿಳಿಸಿದ ಮೇಲೆ ಆ ಕಡೆಯದನ್ನು ಅಳಿಯನೇ ಕೇಳಿ ಬರೆದುಕೊಳ್ಳಲಿ.

ನಿಮ್ಮ ಕಡೆಯದನ್ನು ನೀವು ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟನೆಯ ತಿಂಗಳಿಗೆ ಬಿಪಿ ಏರಿತು, ಎಷ್ಟು ವಾರಕ್ಕೆ ಹೆರಿಗೆಯಾಯಿತು, ಕೂಸಿನ ತೂಕ ಎಷ್ಟಿತ್ತು, ಮುಂದಿನ ಹೆರಿಗೆಯಲ್ಲಿ ಮರುಕಳಿಸಿತೇ. ಆಗಿನ ಡಿಸ್ಚಾರ್ಜ್ ಚೀಟಿ ಟ್ರಂಕಿನ ತಳದಲ್ಲಿ ಎಲ್ಲಾದರೂ ಉಳಿದಿದ್ದರೆ ಹುಡುಕಿ, ಎರಡರದೂ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಮಗಳಿಗೆ ಕಳಿಸಿರಿ. ಕಳಿಸುವ ಮೊದಲು ಒಮ್ಮೆ ಫೋನ್ ಮಾಡಿ ಬಾಯಿಂದಲೇ ಹೇಳಿರಿ. ಬರೀ ಚೀಟಿ ನೋಡಿದರೆ ಆಕೆ ಗಾಬರಿಯಾದಾಳು.

— ಸಂಪಾದಕಿ